ವಕೀಲಮ್ಮನ ಕೋಟು

ಸೆಪ್ಟೆಂಬರ್ ೧೪

ಅಮ್ಮಾ,

ಶಾಲೆಗೆ ಸೇರಿಸಿಕೊಂಡರು. ಇದನ್ನು ಮೊದಲ ಸಾಲಿನಲ್ಲೇ ಬರಿ, ಇಲ್ಲದಿದ್ದರೆ ನಿಮ್ಮಮ್ಮ ಮಿಕ್ಕಿದ್ದನ್ನು ಬಿಟ್ಟು ಕೊನೆಯ ಪುಟಕ್ಕೆ ಹಾರುತ್ತಾಳೆ ಅಂತ ಅಪ್ಪ ಹೇಳಿದರು.

ಸೇರಿಸಿಕೊಂಡದ್ದು ಮಾತ್ರ ಎಂಟು ವರ್ಷದ ಮಕ್ಕಳ ತರಗತಿಗೆ. ಇಲ್ಲಿಯ ಭಾಷೆ ಬಾರದವರೆಲ್ಲ ಮೊದಲು ಅಲ್ಲೇ ಕೂರಬೇಕಂತೆ. ಕುರ್ಚಿ ಎಷ್ಟು ಚಿಕ್ಕದೆಂದರೆ, ಕೂತ ತಕ್ಷಣ ನನ್ನ ಮೊಣಕಾಲು ಮೇಜಿಗೆ ಬಡಿದು ಪಕ್ಕದ ಹುಡುಗಿಯ ಬಣ್ಣದ ಪೆನ್ಸಿಲೆಲ್ಲ ನೆಲಕ್ಕೆ ಬಿದ್ದವು. ಇಡೀ ತರಗತಿ ನಕ್ಕಿತು. ಊರಿನಲ್ಲಿ ಬೀಜಗಣಿತ ಮಾಡುತ್ತಿದ್ದವಳಿಗೆ ಇಲ್ಲಿ ನಾಯಿಯ ಚಿತ್ರ ತೋರಿಸಿ ಇದೇನು ಅಂತ ಕೇಳುತ್ತಾರೆ. ನಾಯಿ ಅಂತ ಗೊತ್ತು. ಆ ಮಾತೂ ಗೊತ್ತು. ನಾವಿಲ್ಲಿಗೆ ಬಂದು ಆರು ತಿಂಗಳಾಯಿತಲ್ಲ, ಅಂಗಡಿಯಲ್ಲಿ, ಮೆಟ್ಟಿಲಲ್ಲಿ, ಪಕ್ಕದ ಮನೆಯ ಟಿವಿಯಲ್ಲಿ ಕೇಳಿ ಕೇಳಿ ಕಿವಿಗೆ ಹತ್ತಿದೆ. ಆದರೆ ತರಗತಿಯಲ್ಲಿ ನಾಲಿಗೆ ಏಳುವುದಿಲ್ಲ.

ಏಪ್ರಿಲಿನಲ್ಲಿ ಒಂದು ಪರೀಕ್ಷೆ ಇದೆ. ಪಾಸಾದರೆ ನನ್ನ ವಯಸ್ಸಿನವರ ಜೊತೆ ಕೂರಿಸುತ್ತಾರೆ. ಇಲ್ಲದಿದ್ದರೆ ಕಷ್ಟ. ಬೇಸಿಗೆಗೆ ನನಗೆ ಹದಿನೈದು ತುಂಬುತ್ತದಲ್ಲ, ಅಷ್ಟು ದೊಡ್ಡವರನ್ನು ಚಿಕ್ಕವರ ಜೊತೆ ಇಟ್ಟುಕೊಳ್ಳುವುದಿಲ್ಲವಂತೆ. ಬಟ್ಟೆ ಒಗೆಯುವುದೋ ಪಾತ್ರೆ ತೊಳೆಯುವುದೋ ಕಲಿಸುವ ಕೇಂದ್ರಕ್ಕೆ ಕಳಿಸುತ್ತಾರೆ. ಅಲ್ಲಿಗೆ ಹೋದವರು ಮತ್ತೆ ಶಾಲೆಗೆ ಬರುವ ಹಾಗಿಲ್ಲ.

ಅಪ್ಪನಿಗೆ ಸಲೂನಿನಲ್ಲಿ ಸ್ವಂತ ಕುರ್ಚಿ ಸಿಕ್ಕಿತು. ಯಜಮಾನರು ನಮ್ಮ ಕಡೆಯವರೇ. ದಿನವಿಡೀ ನಿಂತು ನಿಂತು ಬಲಗಾಲಿನ ಬೆರಳ ಹತ್ತಿರ ಹುಣ್ಣಾಗಿದೆ. ಸಕ್ಕರೆ ಕಾಯಿಲೆಯವರಿಗೆ ಬೇಗ ಮಾಯುವುದಿಲ್ಲ, ಆಸ್ಪತ್ರೆಗೆ ಹೋಗೋಣ ಅಂದರೆ ನಾಳೆ ಅನ್ನುತ್ತಾರೆ. ಶಾಲೆಗೆ ಬೂದು ಬಣ್ಣದ ಲಂಗ ಬೇಕು. ನನ್ನ ಅಳತೆ ಹಿಂದಿನ ಪುಟದಲ್ಲಿದೆ.

ನಿನ್ನ ವಕೀಲಮ್ಮ


ಅಕ್ಟೋಬರ್ ೯

ವಕೀಲಮ್ಮಾ,

ಅಪ್ಪ ಹೇಳಿದ್ದು ಸುಳ್ಳು. ನಾನು ಮೊದಲ ಸಾಲು ಓದಿ ಅಲ್ಲೇ ನಿಂತೆ. ಕಾಗದ ತಂದ ಕಾವಲುಗಾರ ಏನಮ್ಮ ಕೆಟ್ಟ ಸುದ್ದಿಯಾ ಅಂತ ಗಾಬರಿಯಾದ. ಒಳ್ಳೆಯದು ಕಣಪ್ಪ, ಅಭ್ಯಾಸ ಇಲ್ಲ ಅಷ್ಟೇ ಅಂದೆ. ನೀವು ಫೋನು ಮಾಡಬೇಡಿ. ಈ ಶಿಬಿರಕ್ಕೆಲ್ಲ ಇರುವುದು ಇವನ ಮೇಜಿನ ಮೇಲಿನ ಒಂದೇ ಫೋನು. ಹಿಂದೆ ಸಾಲಿನಲ್ಲಿ ನಿಂತವರು ನಮಗಿಂತ ಮೊದಲು ಅಳುತ್ತಾರೆ.

ಲಂಗ ಕಳಿಸಿದ್ದೇನೆ. ಕೆಳಗೆ ನಾಲ್ಕು ಬೆರಳಗಲ ಒಳಗೆ ಮಡಿಸಿ ಹೊಲಿದಿದ್ದೇನೆ. ಬೆಳೆದ ಹಾಗೆ ಬಿಚ್ಚಿಕೊ. ಮುಂದಿನ ವರ್ಷವೂ ಅದರಲ್ಲೇ ಶಾಲೆಗೆ ಹೋಗಬೇಕು, ತಿಳಿಯಿತಾ? ಜೊತೆಗೆ ನನ್ನ ಕಪ್ಪು ಕೋಟನ್ನೂ ಹಾಕಿದ್ದೇನೆ. ನಿನಗೆ ದೊಡ್ಡದಾದೀತು. ಚಳಿಗೆ ಅಂದಚಂದ ನೋಡಬೇಡ. ವಕೀಲಮ್ಮ ಅಂದ ಮೇಲೆ ಕರಿ ಕೋಟು ಇಲ್ಲದಿದ್ದರೆ ಹೇಗೆ?

ಎರಡು ವರ್ಷದವಳಿದ್ದಾಗ ಹಾಲಿನವನ ಜೊತೆ ಜಗಳವಾಡಿ ಈ ಹೆಸರು ಸಂಪಾದಿಸಿದವಳು ನೀನು. ಎಂಟು ವರ್ಷದ ಚಿಳ್ಳೆಪಿಳ್ಳೆಗಳು ನಕ್ಕರೆ ಬಾಯಿ ಕಟ್ಟಿತೇ? ನಗಲಿ ಬಿಡು. ಊರಿನಲ್ಲಿ ನಿಮ್ಮ ಶಾಲೆಗೆ ಬೀಗ ಹಾಕಿ ಸೈನಿಕರು ಮಂಚ ಹಾಕಿಕೊಂಡ ದಿನವೇ ನಾನು ಹೊರಡೋಣ ಅಂತ ಹಟ ಹಿಡಿದದ್ದು. ನಿಮ್ಮಪ್ಪನಿಗೆ ಅಂಗಡಿ ಬಿಡಲು ಮನಸ್ಸಿರಲಿಲ್ಲ. ಅವರ ಕಣ್ಣೀರಿಗೆ ನಾನು ಜವಾಬ್ದಾರಳು, ನಿನ್ನ ಓದಿಗೆ ನೀನು.

ನಿನ್ನ ತಮ್ಮ ಬಿದ್ದು ಎದ್ದು ನಡೆಯುತ್ತಾನೆ. ದಾರಿಯಲ್ಲಿ ಹುಟ್ಟಿದವನು ಯಾವ ದೇಶದವನು ಅಂತ ಇಲ್ಲಿಯ ಅಧಿಕಾರಿಗಳಿಗೆ ಇನ್ನೂ ತೀರ್ಮಾನವಾಗಿಲ್ಲ. ಆಗುವವರೆಗೂ ನಾನೂ ಇಲ್ಲೇ. ಅಪ್ಪನನ್ನು ಕೈ ಹಿಡಿದು ಎಳೆದುಕೊಂಡಾದರೂ ಆಸ್ಪತ್ರೆಗೆ ಕರೆದುಕೊಂಡು ಹೋಗು.

ನಿನ್ನಮ್ಮ


ನವೆಂಬರ್ ೨೧

ಅಮ್ಮಾ,

ಎಳೆದುಕೊಂಡೇ ಹೋದೆ. ಒಳ್ಳೆಯದಾಯಿತು. ಇನ್ನೂ ಸ್ವಲ್ಪ ತಡವಾಗಿದ್ದರೆ ಹುಣ್ಣು ಎಲುಬಿಗೆ ಇಳಿಯುತ್ತಿತ್ತು ಅಂದರು ಡಾಕ್ಟರು. ವಾರಕ್ಕೆ ಮೂರು ಸಲ ಹೋಗಿ ಪಟ್ಟಿ ಬದಲಾಯಿಸಿಕೊಳ್ಳಬೇಕು. ಕಾಲಿನ ಬೆರಳಿಗೆ ಸೂಜಿ ಚುಚ್ಚಿ ಗೊತ್ತಾಗುತ್ತಾ ಅಂತ ಕೇಳುತ್ತಾರೆ, ನಾನು ಅಪ್ಪನಿಗೆ ಹೇಳುತ್ತೇನೆ, ಅಪ್ಪ ಇಲ್ಲ ಅನ್ನುತ್ತಾರೆ, ನಾನು ಡಾಕ್ಟರಿಗೆ ಹೇಳುತ್ತೇನೆ. ಬೇರೆ ಭಾಷೆಗಳಿಗೆಲ್ಲ ಆಸ್ಪತ್ರೆಯಲ್ಲೇ ಜನ ಇದ್ದಾರೆ. ನಮ್ಮದಕ್ಕೆ ಯಾರೂ ಇಲ್ಲ.

ಅಮ್ಮ, ಅಲ್ಲಿ ನನ್ನ ಬಾಯಿ ಕಟ್ಟುವುದೇ ಇಲ್ಲ! ನಿನ್ನ ಕೋಟು ಹಾಕಿಕೊಂಡು, ಜಡೆ ಮೇಲಕ್ಕೆ ಸುತ್ತಿಕೊಂಡು ಹೋಗುತ್ತೇನೆ. ಮೊದಲ ದಿನ ನರ್ಸು ನೀವು ಇವರಿಗೆ ಏನಾಗಬೇಕು ಅಂದಾಗ ತಂಗಿ ಅಂದುಬಿಟ್ಟೆ, ಸುಮ್ಮನೆ ತಮಾಷೆಗೆ. ನಂಬಿದರು. ಈಗ ನನಗೂ ಕುರ್ಚಿ ಹಾಕುತ್ತಾರೆ, ದೊಡ್ಡ ಕುರ್ಚಿ. ನಮ್ಮ ಕಟ್ಟಡದಲ್ಲೂ ಸುದ್ದಿಯಾಗಿದೆ. ಮೂರನೇ ಮಹಡಿಯ ಬಸುರಿ ಹೆಂಗಸನ್ನು ನಾನೇ ಕರೆದುಕೊಂಡು ಹೋದೆ. ಮಗುವಿನ ಎದೆಬಡಿತ ಚೆನ್ನಾಗಿದೆ ಅಂತ ನಾನು ಹೇಳಿದಾಗ ಆಕೆ ಡಾಕ್ಟರನ್ನು ಬಿಟ್ಟು ನನ್ನ ಕೈ ಹಿಡಿದು ಅತ್ತಳು. ಕೆಳಗಿನ ಮನೆಯ ತಾತನಿಗೆ ಪಿಂಚಣಿ ಆಫೀಸಿನಲ್ಲಿ ಮಾತಾಡಿದೆ. ಮೆಟ್ಟಿಲಲ್ಲಿ ನಾನು ಬಂದರೆ ದೊಡ್ಡವರು ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರೆ. ನಿನ್ನ ಮಗಳಿಗೆ ಕೋಡು ಮೂಡಿದೆ ಅಂತ ಅಪ್ಪ ನಗುತ್ತಾರೆ.

ಶಾಲೆ ಚೆನ್ನಾಗಿದೆ.

ನಿನ್ನ ವಕೀಲಮ್ಮ


ಡಿಸೆಂಬರ್ ೧೫

ಮಗಳೇ,

ನಿನ್ನ ಕಾಗದ ಮೂರು ಸಲ ಓದಿದೆ. ಬಸುರಿ ಹೆಂಗಸಿಗೆ ಎಂಟು ಸಾಲು, ಶಾಲೆಗೆ ಎರಡು ಮಾತು. ವಾರಕ್ಕೆ ಮೂರು ದಿನ ಅಪ್ಪನ ಜೊತೆ, ಒಂದು ದಿನ ಆಕೆಯ ಜೊತೆ, ಇನ್ನೊಂದು ದಿನ ತಾತನ ಜೊತೆ. ಹಾಗಾದರೆ ನಾಯಿಯ ಚಿತ್ರ ನೋಡುವುದು ಯಾವಾಗ?

ಇನ್ನೊಂದು ಮಾತು. ಮಗಳು ಅಂತ ಹೇಳಿಕೊಳ್ಳಲು ನಿನಗೇನು ಅಡ್ಡಿಯಾಗಿತ್ತು? ತಮಾಷೆ ಅನ್ನಬೇಡ. ನಿನ್ನ ತಮಾಷೆಗಳು ನನಗೆ ಗೊತ್ತು. ಮಗಳು ಅಂದರೆ, ಈ ಹೊತ್ತಿನಲ್ಲಿ ನೀನು ಶಾಲೆಯಲ್ಲಿ ಇರಬೇಕಲ್ಲ ಅಂತ ಯಾರಾದರೂ ಕೇಳುತ್ತಾರೆ. ಅದಕ್ಕೇ ತಾನೇ?

ನಿನಗೆ ಆಸ್ಪತ್ರೆಯಲ್ಲಿ ಮರ್ಯಾದೆ ಸಿಗುತ್ತದೆ, ಶಾಲೆಯಲ್ಲಿ ಸಿಗುವುದಿಲ್ಲ. ನನಗೆ ಅರ್ಥವಾಗುತ್ತದೆ. ಆದರೆ ಮೆಟ್ಟಿಲಲ್ಲಿ ದಾರಿ ಬಿಡುವವರು ಯಾರೂ ಏಪ್ರಿಲಿನಲ್ಲಿ ನಿನ್ನ ಬದಲು ಪರೀಕ್ಷೆಗೆ ಕೂರುವುದಿಲ್ಲ. ಶಾಲೆಗೆ ಹೋಗುತ್ತಿದ್ದೀಯಾ ಇಲ್ಲವಾ? ಹೌದು ಅಥವಾ ಇಲ್ಲ ಅಂತ ಬರಿ. ವಾದ ಬೇಡ.

ಅಮ್ಮ


ಜನವರಿ ೩೦

ಇವಳೇ,

ನಿನ್ನ ಪ್ರಶ್ನೆಗೆ ಮಗಳು ಉತ್ತರ ಬರೆದಿಲ್ಲ ಅಂತ ನನಗೆ ಗೊತ್ತು. ನಿನ್ನ ಕಾಗದವನ್ನು ಮಡಿಸಿ ಕನ್ನಡಿಯ ಹಿಂದೆ ಇಟ್ಟಿದ್ದಳು. ನಾನು ಕ್ಷೌರದವನು, ಕನ್ನಡಿ ಒರೆಸುವುದು ನನ್ನ ಚಾಳಿ ಅನ್ನುವುದು ಮರೆತಳು.

ಮೊನ್ನೆ ಶಾಲೆಯಿಂದ ನನಗೆ ಕರೆ ಬಂತು. ಟೀಚರು ಮೇಜಿನ ಆ ಕಡೆ, ನಾವಿಬ್ಬರೂ ಈ ಕಡೆ. ಅವರು ಹೇಳಿದ್ದನ್ನು ಮಗಳೇ ನನಗೆ ಹೇಳಬೇಕು. ಅವರು ಬಹಳ ಹೊತ್ತು ಮಾತಾಡಿದರು. ಏನಂತೆ ಮಗಳೇ ಅಂದೆ.

"ನಾನು ಜಾಣೆಯಂತೆ ಅಪ್ಪ. ಬೇಗ ಬೇಗ ಕಲೀತಿದೀನಂತೆ."

ನಾನು ಎದ್ದು ನಿಂತು ಎರಡೂ ಕೈ ಮುಗಿದೆ. ನಿಮ್ಮ ಋಣ ತೀರಿಸಕ್ಕಾಗಲ್ಲ, ನಿಮ್ಮ ಮನೆಯವರೆಲ್ಲರ ತಲೆಗೂದಲು ಇನ್ಮೇಲೆ ನನ್ನ ಜವಾಬ್ದಾರಿ ಅಂತ ಹೇಳು ಅಂದೆ. ಅವಳು ಏನು ಹೇಳಿದಳೋ ಕಾಣೆ. ಟೀಚರ ಕಣ್ಣಲ್ಲಿ ನೀರು ಬಂತು. ನಾನು ಮತ್ತೊಮ್ಮೆ ಕೈ ಮುಗಿದೆ.

ಆದರೆ ಇವಳೇ, ಇಪ್ಪತ್ತೈದು ವರ್ಷದಿಂದ ನಾನು ಕನ್ನಡಿಯಲ್ಲಿ ಮುಖ ನೋಡಿ ಬದುಕಿದವನು. ಚೆನ್ನಾಗಿದೆ ಅಂತ ಬಾಯಲ್ಲಿ ಹೇಳುವ ಗಿರಾಕಿಯ ಹಣೆ ಬೇರೆಯದನ್ನೇ ಹೇಳುತ್ತಿದ್ದರೆ ನನಗೆ ಗೊತ್ತಾಗದೇ? ಮಗುವನ್ನು ಹೊಗಳುವವರ ಹುಬ್ಬು ಹಾಗೆ ಕೂಡುವುದಿಲ್ಲ. ಯಜಮಾನನ ಕೈಯಲ್ಲಿ ಶಾಲೆಗೆ ಫೋನು ಮಾಡಿಸಿದೆ. ಅವನಿಗೂ ಕ್ರಾಪು, ಗಡ್ಡ, ಹವಾಮಾನ ಬಿಟ್ಟರೆ ಹೆಚ್ಚು ಮಾತು ಬಾರದು. ಆದರೂ ಇಷ್ಟು ತಿಳಿಯಿತು. ಎರಡು ತಿಂಗಳಲ್ಲಿ ಅವಳು ಶಾಲೆಯಲ್ಲಿದ್ದದ್ದು ಬೆರಳೆಣಿಕೆಯ ದಿನ. ಹೀಗೇ ಆದರೆ ಹೆಸರು ತೆಗೆದುಹಾಕುತ್ತೇವೆ ಅಂತ ಅವರು ಅವತ್ತು ಹೇಳಿದ್ದು. ಅಪ್ಪ ಆಗಲಿ ಅಂದರು, ಅವರಿಗೆ ನಾನು ಬೇಕು, ಅಂತ ಇವಳು ಹೇಳಿದ್ದಳಂತೆ. ನನಗೆ ಶಾಲೆ ಮಧ್ಯಾಹ್ನದ ಮೇಲೆ ಅಂತ ಹೇಳಿ ನಂಬಿಸಿದ್ದಳು. ನಾನು ನಂಬಿದೆ. ನನಗೂ ಅವಳು ಜೊತೆಗಿರುವುದು ಹಿತವಾಗಿತ್ತಲ್ಲ, ಅದಕ್ಕೇ ನಂಬಿದೆ.

ಅವಳನ್ನು ಬೈಯಲಿಲ್ಲ. ಏನಂತ ಬೈಯಲಿ? ನಿನ್ನೆ ಒಬ್ಬನೇ ಆಸ್ಪತ್ರೆಗೆ ಹೋಗಿ ಬಂದು, ಕಾಲು ವಾಸಿಯಾಯಿತು, ಇನ್ನು ಬರಬೇಡಿ ಅಂದರು ಅಂತ ಅವಳಿಗೆ ಹೇಳಿದ್ದೇನೆ. ಇನ್ನು ಅವಳು ಶಾಲೆಯಲ್ಲಿರುವ ಹೊತ್ತಿನಲ್ಲಿ ಒಬ್ಬನೇ ಹೋಗಿ ಪಟ್ಟಿ ಕಟ್ಟಿಸಿಕೊಂಡು ಬರುತ್ತೇನೆ. ಭಾಷೆ ಬಾರದಿದ್ದರೇನು? ಗಿರಾಕಿ ಏನೇ ಹೇಳಲಿ, ಕತ್ತರಿ ಹಿಡಿದವನು ತಲೆಯಾಡಿಸಬೇಕು. ನಮ್ಮ ಕಸುಬಿನ ಮೊದಲ ಪಾಠವೇ ಅದು. ಡಾಕ್ಟರು ಹೇಳಿದ್ದಕ್ಕೂ ತಲೆಯಾಡಿಸುತ್ತೇನೆ.

ಇದನ್ನು ಅವಳಿಗೆ ಬರೆಯಬೇಡ.

ನಿನ್ನವನು


ಫೆಬ್ರವರಿ ೧೯

ಮಕ್ಕಳ ಅಪ್ಪನಿಗೆ,

ನಿಮಗೆ ಬುದ್ಧಿ ಇದೆಯೇನ್ರೀ? ಕಾಲು ಎಂದರೆ ಗಡ್ಡವೇ, ತೆಗೆದರೆ ಮತ್ತೆ ಬೆಳೆಯಲು? ನಿಂತು ದುಡಿಯುವವರು ನೀವು. ಆ ಕಾಲು ಹೋದರೆ ಮನೆ ಹೋಗುತ್ತದೆ, ಅವಳ ಶಾಲೆಯೂ ಹೋಗುತ್ತದೆ.

ಇಷ್ಟು ಬರೆದು ಕಾಗದ ಹರಿದು ಹಾಕಿ, ಮತ್ತೆ ಅದನ್ನೇ ಬರೆದೆ. ಯಾಕೆ ಅಂತ ಹೇಳಿಬಿಡುತ್ತೇನೆ. ನಿಮ್ಮ ಕಾಗದ ಓದಿದಾಗ ನನಗೆ ಮೊದಲು ಬಂದದ್ದು ಸಿಟ್ಟಲ್ಲ. ಅಬ್ಬ, ಅವಳು ಶಾಲೆಗೆ ಹೋಗುತ್ತಾಳೆ ಅಂತ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ನಿಮ್ಮ ಕಾಲಿನ ನೆನಪಾದದ್ದು ಆಮೇಲೆ. ಎಂಥ ಹೆಂಡತಿ ನಾನು ಅಂತ ಹೊಲಿಗೆ ಮಿಷನ್ನಿನ ಮುಂದೆ ಕೂತು ಅತ್ತೆ.

ಏಪ್ರಿಲಿನವರೆಗೆ ಬಾಯಿ ಮುಚ್ಚಿಕೊಂಡಿರುತ್ತೇನೆ. ಆದರೆ ಒಂದು ದಿನವೂ ಪಟ್ಟಿ ತಪ್ಪಿಸಬಾರದು. ಅರ್ಥವಾಗದಿದ್ದರೆ ತಲೆಯಾಡಿಸಬೇಡಿ, ಸುಮ್ಮನೆ ಕಲ್ಲಿನ ಹಾಗೆ ಕೂತಿರಿ. ಆಗ ಅವರಾದರೂ ಯಾರನ್ನಾದರೂ ಹುಡುಕುತ್ತಾರೆ.

ನಿಮ್ಮವಳು


ಮಾರ್ಚ್ ೨೨

ಅಮ್ಮಾ,

ಹೌದು. ನೀನು ಡಿಸೆಂಬರಿನಲ್ಲಿ ಕೇಳಿದ್ದಕ್ಕೆ ಉತ್ತರ ಇದು. ಆಗ ಇಲ್ಲ ಅಂತ ಬರೆಯಬೇಕಾಗಿತ್ತು, ಕೈ ಬರಲಿಲ್ಲ.

ಅಪ್ಪ ನನ್ನನ್ನು ಶಾಲೆಗೆ ವಾಪಸು ಕರೆದುಕೊಂಡು ಹೋದರು. ಈ ಸಲ ನನಗೆ ಬಾಯಿ ತೆರೆಯಲು ಬಿಡದೆ ಯಜಮಾನರ ಕೈಯಲ್ಲಿ ಮಾತಾಡಿಸಿದರು. ನಾನು ಎರಡೂ ಕಡೆಗೆ ಹೇಳಿದ್ದ ಸುಳ್ಳು ಅವರ ಮಧ್ಯೆ ಮೇಜಿನ ಮೇಲೆ ಬಂದು ಬಿತ್ತು. ಟೀಚರು ನನ್ನನ್ನೇ ನೋಡಿದರು. ಪರೀಕ್ಷೆಯವರೆಗೆ ಒಂದು ದಿನ ತಪ್ಪಿಸಿದರೂ ಹೆಸರು ತೆಗೆಯುತ್ತೇನೆ ಅಂದರು. ಆಮೇಲೆ, ನಿಮ್ಮಪ್ಪ ಅವತ್ತು ನಿಜವಾಗಿ ಏನು ಹೇಳಿದ್ದರು ಅಂತ ಕೇಳಿದರು. ತಲೆಗೂದಲಿನ ಮಾತು ಹೇಳಿದೆ. ಅವರು ನಕ್ಕು, ಕಿಟಕಿ ಕಡೆ ತಿರುಗಿಕೊಂಡರು.

ತರಗತಿಯಲ್ಲಿ ಈಗ ಮಾತಾಡುತ್ತೇನೆ. ನೀನು ಹೇಳಿದ ಹಾಗೆ ನಗಲಿ ಅಂತ ಬಿಟ್ಟೆ, ಒಂದು ವಾರ ನಕ್ಕು ಅವರಿಗೇ ಬೇಜಾರಾಯಿತು. ಪಕ್ಕದ ಹುಡುಗಿ ನನಗೆ ಓದಿಸುತ್ತಾಳೆ, ನಾನು ಅವಳ ಜಡೆ ಹಾಕುತ್ತೇನೆ. ಬರೆಯುವುದೇ ಕಷ್ಟ. ಲಂಗದ ಮಡಿಕೆ ಎರಡು ಬೆರಳಷ್ಟು ಬಿಚ್ಚಿದೆ. ಕೋಟು ಮೊಳೆಗೆ ನೇತುಹಾಕಿದ್ದೇನೆ.

ಅಪ್ಪನ ಕಾಲು ವಾಸಿಯಾದದ್ದು ನಿನಗೆ ಗೊತ್ತಲ್ಲ. ಡಾಕ್ಟರು ಬೆನ್ನು ತಟ್ಟಿ ಕಳಿಸಿದರಂತೆ. ಭಾಷೆ ಬಾರದೆ ನಿಮಗೆ ಹೇಗೆ ತಿಳೀತು ಅಂದರೆ, "ಬೆನ್ನು ತಟ್ಟೋದಕ್ಕೆ ಭಾಷೆ ಯಾಕೆ ಬೇಕೇ?" ಅಂದರು. ಈಗ ಒಂದು ಹೊಸ ಶೋಕಿ ಹಿಡಿದಿದೆ. ಮಲಗುವಾಗಲೂ ಕಾಲುಚೀಲ ಬಿಚ್ಚುವುದಿಲ್ಲ. ಗಡ್ಡಕ್ಕೆ ಹಚ್ಚುವ ಲೋಷನ್ನನ್ನು ರೂಮಿಗೆಲ್ಲ ಚಿಮುಕಿಸುತ್ತಾರೆ, ಮದುಮಗ ಹೊರಟ ಹಾಗೆ. ಸಲೂನಿನಲ್ಲಿ ಸ್ಟೂಲಿನ ಮೇಲೆ ಕೂತು ಕ್ರಾಪು ಹೊಡೆಯುತ್ತಾರೆ. ಮುದುಕರಾದಿರಿ ಅಂತ ರೇಗಿಸುತ್ತೇನೆ. ಹೌದು ಮಗಳೇ ಅಂತ ತಲೆಯಾಡಿಸುತ್ತಾರೆ.

ಪರೀಕ್ಷೆ ಏಪ್ರಿಲ್ ಕೊನೆಯ ಬುಧವಾರ.

ನಿನ್ನ ವಕೀಲಮ್ಮ


ಏಪ್ರಿಲ್ ೧೧

ಮಗಳೇ,

ನಿನ್ನ ಕಾಗದ ಬಂತು. ಚೆನ್ನಾಗಿ ಓದು. ತಮ್ಮನಿಗೆ ಮತ್ತೆ ನಾಲ್ಕು ಹಲ್ಲು ಬಂದಿವೆ, ಕಾವಲುಗಾರನನ್ನು ಕಚ್ಚಿದ.

ಅಪ್ಪನಿಗೆ ಬೇರೆ ಕಾಗದ ಬರೆದಿದ್ದೇನೆ. ಓದಿದ ಮೇಲೆ ನಾನು ಹೇಳಿದ ಹಾಗೆ ಮಾಡಲು ಹೇಳು. ಏನು ಅಂತ ನೀನು ಕೇಳಬೇಡ. ಇವತ್ತು ಇದಕ್ಕಿಂತ ಹೆಚ್ಚು ಬರೆಯಲು ಆಗುತ್ತಿಲ್ಲ.

ಅಮ್ಮ


ಏಪ್ರಿಲ್, ಕೊನೆಯ ಬುಧವಾರ

ಅಮ್ಮಾ,

ನಿನಗೆ ಗೊತ್ತಿತ್ತು. ಅಪ್ಪನೇ ಹೇಳಿದರು. ನಿನ್ನ ಮೇಲೆ ನನಗೆ ತುಂಬ ಕೋಪ ಇದೆ. ಅದನ್ನು ಇಲ್ಲಿ ಬರೆದು ಮುಂದಕ್ಕೆ ಹೋಗುತ್ತೇನೆ.

ಹೋದ ಶುಕ್ರವಾರ ಯಜಮಾನರು ಶಾಲೆಯ ಗೇಟಿಗೆ ಓಡಿ ಬಂದರು. ಅಪ್ಪ ಗಿರಾಕಿಯ ಕುತ್ತಿಗೆಗೆ ಬಟ್ಟೆ ಕಟ್ಟುತ್ತಾ ಕಟ್ಟುತ್ತಾ ಕುಸಿದು ಬಿದ್ದರಂತೆ, ಮೈ ಕೆಂಡದ ಹಾಗೆ ಸುಡುತ್ತಿತ್ತಂತೆ. ಟೀಚರು ಹೋಗು, ಇದು ಗೈರುಹಾಜರಿ ಅಲ್ಲ ಅಂದರು. ಇದ್ದ ಹಾಗೇ ಓಡಿದೆ. ಆಸ್ಪತ್ರೆಯಲ್ಲಿ ಕಾಲುಚೀಲವನ್ನು ಕತ್ತರಿಸಿ ತೆಗೆದರು. ಆಗ ಲೋಷನ್ ಯಾಕೆ ಅಂತ ತಿಳಿಯಿತು.

ಅಪ್ಪ ಫೆಬ್ರವರಿಯಲ್ಲಿ ಎರಡು ವಾರ ಒಬ್ಬರೇ ಹೋಗಿದ್ದರು, ಕೇಳಿದ್ದಕ್ಕೆಲ್ಲ ತಲೆಯಾಡಿಸಿದ್ದರು. ಔಷಧಿ ತಗೋತಿದ್ದೀರಾ, ನೋವು ಕಡಿಮೆಯಾಗಿದೆಯಾ, ಎಲ್ಲದಕ್ಕೂ ಹೌದು. ಇನ್ನು ಮೇಲೆ ಹಿಂದಿನ ಕಟ್ಟಡದಲ್ಲಿ ಪಟ್ಟಿ ಕಟ್ಟುತ್ತಾರೆ, ಅಲ್ಲಿಗೆ ಹೋಗಿ ಅಂದದ್ದಕ್ಕೂ ತಲೆಯಾಡಿಸಿದ್ದರು. ಮರುವಾರ ಹಳೆಯ ಬಾಗಿಲಿಗೇ ಹೋಗಿ ಬೆಂಚಿನ ಮೇಲೆ ಸಂಜೆಯವರೆಗೆ ಕೂತಿದ್ದರಂತೆ. ಯಾರೂ ಕರೆಯಲಿಲ್ಲ. ಹಾಗಾದರೆ ನನ್ನದು ಮುಗಿಯಿತೇನೋ ಅಂದುಕೊಂಡೆ ಕಣೇ ಅನ್ನುತ್ತಾರೆ. ನಿಜವಾಗಿಯೂ ಹಾಗಂದುಕೊಂಡರೋ, ಅಥವಾ ಹಾಗಂದುಕೊಳ್ಳುವುದು ಸುಲಭವಾಗಿತ್ತೋ, ಅವರನ್ನು ಕೇಳಲಿಲ್ಲ.

ಶನಿವಾರ ಭಾನುವಾರ ಡ್ರಿಪ್ ಹಾಕಿ ಜ್ವರ ಇಳಿಸಿದರು. ಸೋಮವಾರ ಶಾಲೆ ಬಿಟ್ಟ ಮೇಲೆ ನೇರವಾಗಿ ಹೋದೆ. ನೀನು ಹೊಲಿದ ಲಂಗ, ಹೆಗಲಿಗೆ ಚೀಲ, ಎರಡು ಜಡೆ. ಮೊದಲು ನನಗೆ ಕುರ್ಚಿ ಹಾಕುತ್ತಿದ್ದ ನರ್ಸು, ಮಕ್ಕಳು ಒಳಗೆ ಬರುವ ಹಾಗಿಲ್ಲ ಅಂತ ತಡೆದರು. ನಾನು ಮಾತಾಡಿದ ಮೇಲೆ ಗುರುತು ಹತ್ತಿತು. ಒಳಗೆ ಬಿಟ್ಟರು.

ಡಾಕ್ಟರು ಅಪ್ಪನ ಕಾಲಿನ ಕಡೆ ಬೆರಳು ತೋರಿಸುತ್ತಾ, ನನ್ನ ಮುಖ ನೋಡದೆ ಹೇಳಿದರು. ಪಾದದ ಮುಂದಿನ ಅರ್ಧ ತೆಗೆಯಬೇಕು. ಬುಧವಾರ ಬೆಳಿಗ್ಗೆ.

"ಏನಂತೆ?" ಅಂದರು ಅಪ್ಪ.

ಅಮ್ಮ, ಅವತ್ತು ಶಾಲೆಯಲ್ಲಿ ನಾನು ಜಾಣೆಯಂತೆ ಅಂತ ಎಷ್ಟು ಸಲೀಸಾಗಿ ಹೇಳಿದ್ದೆ! ಈ ಸಲವೂ ಏನಾದರೂ ಹೇಳಬಹುದಿತ್ತು. ಅಪ್ಪ ನನ್ನ ಹಣೆ ನೋಡುತ್ತಿದ್ದರು. ಅವರಿಗೆ ಆಗಲೇ ಗೊತ್ತಾಗಿತ್ತು ಅನ್ನಿಸಿತು. ಒಂದು ಮಾತೂ ಬಿಡದೆ ಎಲ್ಲ ಹೇಳಿದೆ. ಅರ್ಧ ಪಾದ ಅನ್ನುವುದನ್ನು ಎರಡು ಸಲ ಹೇಳಬೇಕಾಯಿತು. ಅಪ್ಪ, ನಿಧಾನ ಮಗಳೇ, ಅಂದರು.

ಕಾಲಿನ ಕಡೆ ನೋಡಿಕೊಂಡು, "ನಿಂತು ಕೆಲಸ ಮಾಡಕ್ಕಾಗುತ್ತಾ ಕೇಳು" ಅಂದರು. ಕೇಳಿದೆ. ಕೆಲವು ತಿಂಗಳಾದ ಮೇಲೆ, ಅಳತೆ ಕೊಟ್ಟು ಮಾಡಿಸಿದ ಬೂಟು ಹಾಕಿಕೊಂಡರೆ, ಸ್ವಲ್ಪ ಸ್ವಲ್ಪ ಹೊತ್ತು ಆಗಬಹುದು ಅಂದರು. ಅದನ್ನೂ ಹೇಳಿದೆ.

ಆಮೇಲೆ ಅಪ್ಪ ಹಾಸಿಗೆಯಲ್ಲಿ ಎದ್ದು ಕೂತರು. "ಬುಧವಾರ ಬೇಡ ಅಂತ ಹೇಳು. ನನ್ನ ಮಗಳಿಗೆ ಅವತ್ತು ಪರೀಕ್ಷೆ ಇದೆ. ನಾನು ಇಲ್ಲಿ ಮಲಗಿದ್ರೆ ಅವಳು ಪರೀಕ್ಷೆ ಬಿಟ್ಟು ಬಂದು ಬಾಗಿಲಲ್ಲಿ ಕೂತ್ಕೋತಾಳೆ. ಒಂದು ದಿನ ಮುಂದಕ್ಕೆ ಹಾಕ್ತಾರಾ ಕೇಳು."

ನಾನು ಕೇಳಲಿಲ್ಲ. ಕೇಳು ಅಂದರು. ನಾನು ಆಗಲೂ ಕೇಳಲಿಲ್ಲ. ಆಗ ಅಪ್ಪ ತಾವೇ ಡಾಕ್ಟರ ಕಡೆ ತಿರುಗಿ ಎರಡೂ ಕೈ ಮುಗಿದರು, ಟೀಚರಿಗೆ ಮುಗಿದ ಹಾಗೆಯೇ. ಇವರು ಏನು ಹೇಳುತ್ತಿದ್ದಾರೆ ಅಂತ ಡಾಕ್ಟರು ನನ್ನನ್ನು ಕೇಳಿದರು.

ಇನ್ನೊಬ್ಬರ ಮಾತು ದಾಟಿಸಿ ದಾಟಿಸಿ ಅಭ್ಯಾಸವಾಗಿದೆಯಲ್ಲ, ಬುಧವಾರ ಇವರ ಮಗಳಿಗೆ ಪರೀಕ್ಷೆ ಇದೆಯಂತೆ, ಒಂದು ದಿನ ಮುಂದಕ್ಕೆ ಹಾಕಬಹುದೇ ಅಂತ ಕೇಳುತ್ತಿದ್ದಾರೆ ಅಂದೆ.

ಡಾಕ್ಟರು ಕಾಲು ಬಿಟ್ಟು ಮೊದಲ ಸಲ ತಲೆ ಎತ್ತಿದರು. ನನ್ನ ಲಂಗ ನೋಡಿದರು, ಚೀಲ ನೋಡಿದರು.

"ಇವರ ಮಗಳು ಯಾರು?"

"ನಾನು" ಅಂದೆ.

ಇವತ್ತು ಪರೀಕ್ಷೆ ಬರೆದು ಬಂದೆ. ಪಾಸಾಗುತ್ತೇನೋ ಇಲ್ಲವೋ ಗೊತ್ತಿಲ್ಲ. ನಾಳೆ ಬೆಳಿಗ್ಗೆ ಅಪ್ಪನ ಆಪರೇಷನ್.

ಮಗಳು